ಹಾಲು ಚೆಲ್ಲಿದ ವರ್ಷದ ಲೆಕ್ಕ

ನಮ್ಮೂರಲ್ಲಿ ಬೇಸಿಗೆ ಅಂದರೆ ಗೋಡು ಹೊಡೆಯುವ ಕಾಲ. ಮಾಲೂರು ತಾಲ್ಲೂಕಿನ ನಮ್ಮ ಹಳ್ಳಿಯ ಕೆರೆ ಏಪ್ರಿಲ್ ಹೊತ್ತಿಗೆ ಒಣಗಿ ಬಿರುಕು ಬಿಡುತ್ತಿತ್ತು. ಅಪ್ಪ ಗಾಡಿ ಕಟ್ಟಿಕೊಂಡು ಹೋಗಿ ಕೆರೆಯಂಗಳದ ಕಪ್ಪು ಮಣ್ಣು ತುಂಬಿ ತಂದು ಹೊಲದ ತುಂಬ ಗುಡ್ಡೆ ಗುಡ್ಡೆಯಾಗಿ ಸುರಿಯುತ್ತಿದ್ದರು. ಆ ಗುಡ್ಡೆಗಳನ್ನು ಹತ್ತಿ ಇಳಿಯುವುದೇ ನಮಗೆ ಆಟ. ಒಂದು ಸಲ ಗೋಡು ಬಿದ್ದ ಹೊಲದಲ್ಲಿ ಮೂರು ವರ್ಷ ರಾಗಿ ತೂಗುತ್ತೆ ಅನ್ನೋದು ಅಪ್ಪನ ಮಾತು. ಪುಕ್ಕಟೆ ಸಿಗುವ ಗೊಬ್ಬರವನ್ನು ಬೇಡ ಅಂದ ರೈತನನ್ನು ನಾನಂತೂ ಕಂಡಿಲ್ಲ.

ಆದ್ದರಿಂದಲೇ 2022ರ ಫೆಬ್ರುವರಿಯಲ್ಲಿ, ಅಮೆರಿಕದ ಮೇನ್ ರಾಜ್ಯದ ಒಂದು ಹಾಲಿನ ಫಾರ್ಮಿನ ಅಡುಗೆಮನೆಯಲ್ಲಿ ಆ ರೈತ ತನ್ನ ತಂದೆಯ ಕಾಲದ ಕಾಗದ ತೆಗೆದು ತೋರಿಸಿದಾಗ ನನಗೆ ಹೆಚ್ಚು ವಿವರಿಸಬೇಕಾಗಲಿಲ್ಲ. 1990ರ ದಶಕದ್ದು. ಊರಿನ ಒಳಚರಂಡಿ ನೀರು ಶುದ್ಧೀಕರಿಸುವ ಘಟಕದಲ್ಲಿ ತಳಕ್ಕೆ ಕೂತ ಕೆಸರನ್ನು ಹುಲ್ಲುಗಾವಲಿಗೆ ಹರಡಲು ಕೊಟ್ಟ ಅನುಮತಿ. ಅವರ ತಂದೆ ಅದಕ್ಕೆ ಒಂದು ಡಾಲರೂ ಕೊಟ್ಟಿರಲಿಲ್ಲ. ಲಾರಿ ಬಂತು, ಸುರಿದು ಹೋಯಿತು, ಆ ವರ್ಷ ಹುಲ್ಲು ಸೊಂಟದೆತ್ತರ ಬೆಳೆಯಿತು.

ನಾನು ಇಲ್ಲಿ ಸಣ್ಣ ಅಂಗಡಿ, ಫಾರ್ಮುಗಳಿಗೆ ಲೆಕ್ಕ ಬರೆಯುವವಳು. ಅಮೆರಿಕದಲ್ಲಿ ರೈತರು ಸಾಮಾನ್ಯವಾಗಿ ಮಾರ್ಚ್ 1ರೊಳಗೆ ತೆರಿಗೆ ಲೆಕ್ಕ ಒಪ್ಪಿಸುತ್ತಾರೆ. ಹಾಗಾಗಿ ಜನವರಿ, ಫೆಬ್ರುವರಿಯಲ್ಲಿ ಹಿಮ ತುಳಿದುಕೊಂಡು ಒಬ್ಬೊಬ್ಬರ ಮನೆಗೂ ಹೋಗುತ್ತೇನೆ. ಶೂ ಡಬ್ಬಿಗಳಲ್ಲಿ ತುಂಬಿಟ್ಟ ರಸೀದಿಗಳನ್ನು ಮೇಜಿನ ಮೇಲೆ ಹರಡಿ ಕೂರುತ್ತೇನೆ. ಈ ದಂಪತಿಯ ಹೆಸರು, ಊರು ಬರೆಯುವುದಿಲ್ಲ. ಬೇಡ ಅಂದಿದ್ದಾರೆ. ನಲವತ್ತು ಚಿಲ್ಲರೆ ಹಸು, ಮೂರು ತಲೆಮಾರಿನ ಹೊಲ ಅಂದರೆ ಸಾಕು.

ಆ ವರ್ಷ ಅವರ ಬಾವಿ ನೀರಿನ ಪರೀಕ್ಷೆಯ ವರದಿ ಬಂದಿತ್ತು. ಮೇನ್‌ನಲ್ಲಿ ಕುಡಿಯುವ ನೀರಿಗೆ 2021ರಲ್ಲಿ ಇಟ್ಟ ಮಿತಿಯ ಪ್ರಕಾರ ಪೀಫ್ಯಾಸ್ (PFAS) ಎಂಬ, ಸುಲಭಕ್ಕೆ ನಾಶವಾಗದ ರಾಸಾಯನಿಕಗಳಲ್ಲಿ ಆರು ಬಗೆಯವು ಒಟ್ಟು ಸೇರಿ ಲಕ್ಷ ಕೋಟಿ ಭಾಗದಲ್ಲಿ 20 ಭಾಗ ದಾಟಬಾರದಿತ್ತು. ಇವರದು ಅದನ್ನು ಎಷ್ಟೋ ದಾಟಿತ್ತು. ಆಮೇಲೆ ಹುಲ್ಲು ನೋಡಿದರು, ಆಮೇಲೆ ಹಾಲು. ಹಾಲಿನಲ್ಲಿ ಪಿಎಫ್‌ಓಎಸ್ ಅನ್ನುವ ಒಂದು ಬಗೆಗೆ ಈ ರಾಜ್ಯ ಇಟ್ಟಿರುವ ಗೆರೆ, ಲಕ್ಷ ಕೋಟಿಯಲ್ಲಿ 210 ಭಾಗ. ಅದನ್ನೂ ದಾಟಿತ್ತು. ಹಾಲಿನ ಟ್ಯಾಂಕರ್ ಬರುವುದು ನಿಂತಿತು.

ಟ್ಯಾಂಕರ್ ನಿಂತರೂ ಹಸು ಕೆಚ್ಚಲು ತುಂಬಿಕೊಳ್ಳುವುದನ್ನು ನಿಲ್ಲಿಸುವುದಿಲ್ಲವಲ್ಲ. ಎರಡು ಹೊತ್ತೂ ಕರೆಯಲೇಬೇಕು. ಕರೆದು ಸಗಣಿ ಗುಂಡಿಗೆ ಚೆಲ್ಲುತ್ತಿದ್ದರು. ನಾನು ಹೋದ ದಿನ ಸಂಜೆ ಆಕೆ ಕೊಟ್ಟಿಗೆಯಿಂದ ಬಂದು ಕೈ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ, ಇವತ್ತಿನದನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ ಎಂದು ಕೇಳಿದರು. ನಮ್ಮ ಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಚೆಲ್ಲಿದರೆ ಅಮ್ಮ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು. ನನಗೆ ಉತ್ತರ ಹೊಳೆಯಲಿಲ್ಲ.

ಪೀಫ್ಯಾಸ್ ಅಂದರೆ ಒಂದಲ್ಲ, ಸಾವಿರಾರು ರಾಸಾಯನಿಕಗಳ ಒಂದು ಕುಲ. ಇಂಗಾಲಕ್ಕೂ ಫ್ಲೋರಿನ್‌ಗೂ ಬಿಗಿದ ಗಂಟು ಇವುಗಳಲ್ಲಿದೆ. ಮಳೆ, ಬಿಸಿಲು, ಸೂಕ್ಷ್ಮಜೀವಿ ಯಾವುದೂ ಆ ಗಂಟನ್ನು ಬಿಚ್ಚಲಾರದು. ಅಂಟದ ಬಾಣಲೆ, ನೀರು ಹಿಡಿಯದ ಜಾಕೆಟ್, ಎಣ್ಣೆ ಹೀರದ ಕಾಗದ, ಬೆಂಕಿ ನಂದಿಸುವ ನೊರೆ, ಎಲ್ಲದರಲ್ಲೂ ದಶಕಗಳಿಂದ ಬಳಸಿದ್ದಾರೆ. ನಮ್ಮ ಕೋಲಾರದವರಿಗೆ ಫ್ಲೋರೈಡ್ ಹೊಸ ಮಾತಲ್ಲ; ಆಳದ ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದಿದವರು ನಮ್ಮೂರಲ್ಲೇ ಇದ್ದಾರೆ. ಅದು ಬಂಡೆಯೊಳಗಿಂದ ಬಂದದ್ದು. ಇದು ಕಾರ್ಖಾನೆಯಲ್ಲಿ ಹುಟ್ಟಿದ್ದು, ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರು, ಕಾಗದದ ಗಿರಣಿಯ ನೀರು ಹಿಡಿದು ಚರಂಡಿಗೆ ಬಂದು, ಶುದ್ಧೀಕರಣ ಘಟಕದ ಕೆಸರಲ್ಲಿ ಕೂತು, ಅಲ್ಲಿಂದ ಗೊಬ್ಬರದ ಹೆಸರಲ್ಲಿ ಹೊಲಕ್ಕೆ ಬಂತು. ಹೊಲದಿಂದ ಹುಲ್ಲಿಗೆ, ಹುಲ್ಲಿಂದ ಹಾಲಿಗೆ, ಕೊನೆಗೆ ಮನುಷ್ಯರ ರಕ್ತಕ್ಕೆ. ರಕ್ತಕ್ಕೆ ಸೇರಿದ ಪಿಎಫ್‌ಓಎಸ್ ಅರ್ಧಕ್ಕೆ ಇಳಿಯಲೂ ವರ್ಷಗಳು ಬೇಕು. ಈ ಕುಲದ ಕೆಲವಕ್ಕೂ ಮೂತ್ರಪಿಂಡದ ಕ್ಯಾನ್ಸರ್, ಹೆಚ್ಚಿದ ಕೊಲೆಸ್ಟೆರಾಲ್‌ಗಳಿಗೂ ನಂಟಿದೆ ಎಂದು ವೈದ್ಯರು ಹೇಳುತ್ತಾರೆ. ಆ ಮನೆಯ ಇಬ್ಬರು ಮಕ್ಕಳೂ ಹುಟ್ಟಿದಾಗಿನಿಂದ ಅದೇ ಬಾವಿಯ ನೀರು ಕುಡಿದವರು.

ಇವರೇ ಮೊದಲಲ್ಲ. 2016ರಲ್ಲಿ ಅರಂಡೆಲ್ ಎಂಬ ಊರಿನ ಹಾಲಿನ ಫಾರ್ಮೊಂದರಲ್ಲಿ ಇದು ಮೊದಲು ಬಯಲಾಯಿತು. ಆ ರೈತ ತಾನೇ ಮುಂದೆ ಬಂದು ಎಲ್ಲರೆದುರು ಹೇಳಿಕೊಂಡರು, ಜೀವನಾಧಾರವನ್ನೇ ಕಳೆದುಕೊಂಡರು. 2020ರಲ್ಲಿ ಫೇರ್‌ಫೀಲ್ಡ್‌ನ ಇನ್ನೊಂದು ಫಾರ್ಮಿನ ಹಾಲಿನಲ್ಲಿ ಮಿತಿಯ ಹತ್ತಾರು ಪಟ್ಟು ಸಿಕ್ಕಿತು. ಮುಂದಿನ ವರ್ಷ ಆ ಸುತ್ತಿನ ಕಾಡಿನ ಜಿಂಕೆ ಮಾಂಸವನ್ನೂ ತಿನ್ನಬೇಡಿ ಎಂದು ರಾಜ್ಯ ಸರ್ಕಾರ ಸಾರಿತು. 2021ರ ಕೊನೆಗೆ ಯೂನಿಟಿ ಊರಿನ ಸಾವಯವ ತರಕಾರಿ ಬೆಳೆಯುವ ಯುವ ದಂಪತಿಗೆ ಗೊತ್ತಾಯಿತು, ತಾವು ಕೊಂಡ ಹೊಲದಲ್ಲಿ ಹಿಂದಿನವರ ಕಾಲದಲ್ಲೇ ಕೆಸರು ಬಿದ್ದಿತ್ತು ಅಂತ. ಅವರು ಒಂದು ಹಿಡಿ ಸೀಮೆ ಗೊಬ್ಬರವನ್ನೂ ಮುಟ್ಟದವರು. ಮಾರಾಟ ನಿಲ್ಲಿಸಿ, ಗಿರಾಕಿಗಳಿಗೆ ತಾವೇ ತಿಳಿಸಿದರು.

ಕೆಸರು ಹರಡಲು ಅನುಮತಿ ಪಡೆದ ಜಾಗ ಮೇನ್‌ನಲ್ಲಿ 700ಕ್ಕೂ ಹೆಚ್ಚು. ಅನುಮತಿ ಕೊಟ್ಟದ್ದು ಸರ್ಕಾರ. ಈ ಒಂದು ಸಂಗತಿಯನ್ನು ನಾನು ಮತ್ತೆ ಮತ್ತೆ ಹೇಳುತ್ತಿರುತ್ತೇನೆ, ಯಾಕೆಂದರೆ ಹೊಲ ಕೆಟ್ಟ ರೈತರಿಗೆ ಸರ್ಕಾರ ಕೊಡುವ ದುಡ್ಡನ್ನು ಇಲ್ಲಿಯವರೂ 'ಪರಿಹಾರ', 'ಸಹಾಯ' ಅಂತಲೇ ಕರೆಯುತ್ತಾರೆ. ನನ್ನ ಲೆಕ್ಕದ ಪುಸ್ತಕದಲ್ಲಿ ಅದು ಸಹಾಯವಲ್ಲ. ಬಾಕಿ.

2022ರ ಏಪ್ರಿಲ್‌ನಲ್ಲಿ ಎರಡು ಕೆಲಸ ಹೆಚ್ಚುಕಡಿಮೆ ಒಟ್ಟಿಗೇ ಆದವು. ಹೊಲಕ್ಕೆ ಚರಂಡಿ ಕೆಸರು, ಆ ಕೆಸರಿನಿಂದ ಮಾಡಿದ ಗೊಬ್ಬರ ಎರಡನ್ನೂ ಹಾಕಕೂಡದೆಂದು ಮೇನ್ ಕಾನೂನು ತಂದಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದೇ. ಜೊತೆಗೆ, ಕೆಟ್ಟ ಹೊಲಗಳ ರೈತರಿಗಾಗಿ 60 ದಶಲಕ್ಷ ಡಾಲರ್ ನಿಧಿ ತೆಗೆದಿಟ್ಟಿತು. ಬೆಂಗಳೂರಿಗಿಂತ ಎಷ್ಟೋ ಕಡಿಮೆ ಜನ ಇರುವ ರಾಜ್ಯ ಇದು. ಇಡೀ ರಾಜ್ಯದಲ್ಲಿ ಇರುವುದು ಸುಮಾರು ಹದಿನಾಲ್ಕು ಲಕ್ಷ ಮಂದಿ. ಅವರಿಗೆ ಅದು ದೊಡ್ಡ ಮೊತ್ತ.

ಸರ್ಕಾರದ ದುಡ್ಡು ಹರಿದು ಬರಲು ಸಮಯ ಹಿಡಿಯಿತು. ನಡುವಿನ ತಿಂಗಳುಗಳನ್ನು ದಾಟಿಸಿದ್ದು ಇಲ್ಲಿಯ ಸಾವಯವ ರೈತರ ಸಂಘವೂ ಮೇನ್ ಫಾರ್ಮ್‌ಲ್ಯಾಂಡ್ ಟ್ರಸ್ಟೂ ಸೇರಿ ತೆರೆದ ತುರ್ತು ನಿಧಿ. ಮಣ್ಣು, ನೀರು ಪರೀಕ್ಷೆಗೆ ಕೊಟ್ಟರು, ಆದಾಯ ನಿಂತವರಿಗೆ ಕೈಹಿಡಿದರು, ಮಾತಾಡಲು ಆಪ್ತ ಸಲಹೆಗಾರರನ್ನೂ ಒದಗಿಸಿದರು. ಕೊನೆಯದು ಮೇಲಿನ ಎರಡಕ್ಕಿಂತ ಸಣ್ಣದಲ್ಲ. ತನ್ನ ಹೊಲದ ಹಾಲನ್ನೇ ಮಕ್ಕಳಿಗೆ ಕುಡಿಸಿದ ತಾಯಿಯ ಎದುರು ಕೂತಿದ್ದೇನೆ, ನನಗೆ ಗೊತ್ತು.

ಸರ್ಕಾರದ ನಿಧಿಯಿಂದ ಏನೇನು ಕೊಡಬೇಕೆಂಬುದನ್ನು ಒಂದು ಸಮಿತಿ ಕೂತು ಚರ್ಚಿಸಿತು. ಅದರಲ್ಲಿ ರೈತರೂ ಇದ್ದರು. ಸಭೆಗಳನ್ನು ಯಾರು ಬೇಕಾದರೂ ಕೇಳಬಹುದಿತ್ತು. ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಕಂಪ್ಯೂಟರ್‌ನಲ್ಲಿ ಕೆಲವನ್ನು ನಾನೂ ಕೇಳಿದೆ. ಬಾವಿಗೆ ಫಿಲ್ಟರ್. ಮಣ್ಣು, ನೀರು, ಮೇವು, ಹಾಲಿನ ಪರೀಕ್ಷೆ. ಬೇರೆ ಕಡೆಯಿಂದ ಶುದ್ಧ ಮೇವು ಕೊಳ್ಳಲು ಹಣ. ನಿಂತುಹೋದ ಆದಾಯದ ಭರ್ತಿ. ಬೆಳೆ ಬದಲಿಸುವವರಿಗೆ ಕಟ್ಟಡ, ಯಂತ್ರದ ವೆಚ್ಚ. ರಕ್ತ ಪರೀಕ್ಷೆ. ಸಂಶೋಧನೆ. ಏನೂ ಬೆಳೆಯಲಾಗದಷ್ಟು ಕೆಟ್ಟಿದ್ದರೆ, ರೈತ ಒಪ್ಪಿದರೆ, ಹೊಲವನ್ನೇ ಸರ್ಕಾರ ಕೊಳ್ಳುವುದು.

ನನ್ನ ಕೆಲಸ ಆದಾಯದ ಭಾಗ. ಹಿಂದಿನ ವರ್ಷಗಳ ತೆರಿಗೆ ಪತ್ರ ತೆಗೆದು, ಹಾಲು ಎಷ್ಟು ಹೋಗುತ್ತಿತ್ತು, ಎಷ್ಟು ಬರುತ್ತಿತ್ತು, ಮೇವಿನ ಖರ್ಚು ಎಷ್ಟಿತ್ತು, ಈಗ ಎಷ್ಟಾಗಿದೆ ಅಂತ ಒಂದೊಂದೇ ಸಾಲು ಬರೆದೆವು. ಆಗ ಕಂಡದ್ದು: ಚೆನ್ನಾಗಿ ಲೆಕ್ಕ ಇಟ್ಟ ರೈತನಿಗೆ ಚೆನ್ನಾಗಿ ಸಿಗುತ್ತದೆ. ರಸ್ತೆ ಬದಿಯ ಪೆಟ್ಟಿಗೆಯಲ್ಲಿ ಮೊಟ್ಟೆ, ಬೆಣ್ಣೆ ಇಟ್ಟು ಚಿಲ್ಲರೆ ಕಾಸಿಗೆ ಮಾರಿದವನ ನಷ್ಟಕ್ಕೆ ಕಾಗದವೇ ಇಲ್ಲ. ಆ ದಂಪತಿಯ ಕರುಗಳ ಲೆಕ್ಕ ಹಿಡಿಯಲು ಮೂರು ಸಂಜೆ ಬೇಕಾಯಿತು. ಆಕೆ ಗೋಡೆಯ ಕ್ಯಾಲೆಂಡರುಗಳಲ್ಲಿ ಯಾವ ಹಸು ಎಂದು ಈದಿತು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿದ್ದರು. ಹನ್ನೆರಡು ವರ್ಷದ ಕ್ಯಾಲೆಂಡರ್ ಅಟ್ಟದಿಂದ ಇಳಿಸಿದೆವು. ಅಮ್ಮನೂ ಡೇರಿಗೆ ಹಾಲು ಹಾಕಿದ್ದನ್ನು ಹೀಗೇ ಬರೆದಿಡುತ್ತಾಳೆ, ಒಲೆ ಪಕ್ಕದ ಗೋಡೆಯ ಮೇಲೆ, ಇದ್ದಿಲಲ್ಲಿ.

ಶುದ್ಧ ಮೇವು ತಿಂದ ಹಸುಗಳ ಹಾಲಿನಲ್ಲಿ ಅಂಕಿ ತಿಂಗಳಿಂದ ತಿಂಗಳಿಗೆ ಇಳಿಯಿತು. ಮನುಷ್ಯರ ಮೈಯಂತಲ್ಲ ಹಸುವಿನ ಮೈ, ಬೇಗ ಹೊರಹಾಕುತ್ತದೆ. ಹೊಲ ಮಾತ್ರ ಹಾಗೇ ಇದೆ. ಮಣ್ಣಿನಿಂದ ಇದನ್ನು ತೆಗೆಯುವ, ರೈತನ ಕೈಗೆಟಕುವ ದಾರಿ ಇಂದಿಗೂ ಇಲ್ಲ. ಹುಲ್ಲಿಗೆ, ಸೊಪ್ಪಿಗೆ ಬೇಗ ಹತ್ತುತ್ತದೆ, ಕಾಳಿಗೆ ಅಷ್ಟು ಹತ್ತುವುದಿಲ್ಲ. ಹಾಗೆ ನೋಡಿಕೊಂಡು ಯಾವ ಹೊಲದಲ್ಲಿ ಏನು ಅಂತ ಹೊಸದಾಗಿ ಹಂಚಿಕೊಂಡರು. ತೀರಾ ಕೆಟ್ಟ ಒಂದು ಹೊಲ ಬೀಳು ಬಿದ್ದಿದೆ. ಅವರ ತಂದೆಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಹೊಲ ಅದು.

ಕೆಸರು ಹಾಕಬಾರದು ಅಂದ ಮಾತ್ರಕ್ಕೆ ಕೆಸರು ಹುಟ್ಟುವುದು ನಿಲ್ಲಲಿಲ್ಲ. ಕಸದ ಗುಡ್ಡೆಗಳಲ್ಲಿ ಜಾಗ ಸಾಲದೆ 2023ರಲ್ಲಿ ಒಂದಷ್ಟನ್ನು ಲಾರಿಗಳಲ್ಲಿ ಕೆನಡಾಕ್ಕೆ ಸಾಗಿಸಿದರು. ಆ ಸುದ್ದಿ ಓದಿ ನನಗೆ ಸಮಾಧಾನವಾಗಲಿಲ್ಲ.

ಒಂದು ಮಾತು ಹೇಳಲೆಂದೇ ಇಷ್ಟೆಲ್ಲ ಬರೆದೆ. ಅವರ ಪಕ್ಕದ ಫಾರ್ಮಿನವರು, ಅವರೂ ನನ್ನ ಗಿರಾಕಿಯೇ, ಆ ಚಳಿಗಾಲ ಪರೀಕ್ಷೆಯ ಮಾತೆತ್ತಿದರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಸಾಲವಿತ್ತು. ವರದಿಯಲ್ಲಿ ಒಂದು ಅಂಕಿ ಬಂದರೆ ಬ್ಯಾಂಕಿನವರು ಹೊಲದ ಬೆಲೆಯನ್ನೇ ಕೆಳಗಿಳಿಸುತ್ತಾರೆ ಅನ್ನುವ ಭಯ. ನಾನು ಅವರನ್ನು ತಪ್ಪು ಅನ್ನಲಿಲ್ಲ. ನ್ಯೂ ಮೆಕ್ಸಿಕೋದ ಕ್ಲೋವಿಸ್‌ನಲ್ಲಿ ವಾಯುಪಡೆ ನೆಲೆಯ ನೊರೆಯಿಂದ ನೀರು ಕೆಟ್ಟ ಡೇರಿಯೊಂದರಲ್ಲಿ ಕೊನೆಗೆ 3,600ಕ್ಕೂ ಹೆಚ್ಚು ಹಸುಗಳನ್ನು ಕೊಲ್ಲಬೇಕಾಯಿತು. ನಿಜ ಹೇಳಿದವನಿಗೇ ಪೆಟ್ಟು ಬೀಳುವುದಾದರೆ ಯಾರು ಮಣ್ಣು ತೆಗೆದು ಕೊಡುತ್ತಾರೆ? ನಿಧಿ ಖಚಿತವಾದ ಮೇಲೆ ಆ ಮನುಷ್ಯ ತಾನೇ ಫೋನ್ ಮಾಡಿ, ಮಾದರಿ ತೆಗೆಯುವವರ ನಂಬರ್ ಇದೆಯಾ ಎಂದು ಕೇಳಿದರು. ಹೀಗೆ ಒಬ್ಬೊಬ್ಬರಾಗಿ ಹೊರಗೆ ಬಂದರು. ಪೀಫ್ಯಾಸ್ ಸಿಕ್ಕ ಹತ್ತಾರು ಫಾರ್ಮುಗಳಲ್ಲಿ ಮುಚ್ಚಿದವು ಬೆರಳೆಣಿಕೆಯಷ್ಟು ಮಾತ್ರ. ಹಾಲು, ಸೊಪ್ಪು ಕೊಳ್ಳುವ ನನ್ನಂಥವರಿಗೂ ಆ ನಿಧಿಯಿಂದಲೇ ರಕ್ಷಣೆ ಸಿಕ್ಕಿತು.

2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಚರಂಡಿ ನೀರನ್ನು ಎರಡು ಹಂತ ಶುದ್ಧಮಾಡಿ ನಮ್ಮ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬುತ್ತಿದ್ದಾರೆ. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕು ಅಂತ ಅಲ್ಲಿಯ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಆ ನೀರು ಬಂದ ಮೇಲೆ ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂದಿದೆ. ಸಾವಿರದಿನ್ನೂರು ಅಡಿ ಕೊರೆಸಿ ಸಾಲದಲ್ಲಿ ಬಿದ್ದವರಿಗೆ ಅದು ಎಂಥ ಮಾತು ಅಂತ ನನಗೆ ಗೊತ್ತು. ಅಲ್ಲಿ ಪೀಫ್ಯಾಸ್ ಇದೆ ಅಂತ ನಾನು ಹೇಳುತ್ತಿಲ್ಲ. ಊರೊಂದು ತೊಳೆದು ಬಿಟ್ಟ ನೀರಿನ ತಳದ ಗೋಡು ಮುಂದೊಂದು ಬೇಸಿಗೆ ಯಾರದೋ ಹೊಲಕ್ಕೆ ಬೀಳುತ್ತದಲ್ಲ, ಅದಕ್ಕೆ ಮೊದಲು ನೋಡಿಕೊಳ್ಳಬೇಕು ಅಷ್ಟೇ.

ಹೋದ ಯುಗಾದಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೇ ಹೇಳಿದೆ. ಒಂದು ಸಲ ಮಣ್ಣು, ನೀರು ಪರೀಕ್ಷೆ ಮಾಡಿಸೋಣ, ದುಡ್ಡು ನಾನು ಕೊಡ್ತೀನಿ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಏನೋ ಐತೆ ಅಂತ ಬಂದ್ರೆ ನಾಳೆ ಕೋಲಾರ ಮಾರ್ಕೆಟ್ಟಲ್ಲಿ ನನ್ನ ಟೊಮೆಟೊ ಕೇಳೋರ್ಯಾರು ಅಮ್ಮಣ್ಣಿ?"

ಪಕ್ಕದ ಫಾರ್ಮಿನವರ ಮಾತೇ. ನಾನು ಸುಮ್ಮನಾದೆ. ಅಪ್ಪನೇ ಮತ್ತೆ ಕೇಳಿದರು, "ಆ ಹಸುಗಳು ಏನಾದವು? ಕಡಿಯೋರಿಗೆ ಕೊಟ್ಟರಾ?"

"ಇಲ್ಲಪ್ಪ, ಅವೆ. ಟ್ಯಾಂಕರ್ ಮತ್ತೆ ಬರ್ತಿದೆ."

"ಅಷ್ಟು ತಿಂಗಳು ಮೇವಿಗೆ ದುಡ್ಡು?"

"ಸರ್ಕಾರದ್ದು."

"ಅವರೇ ಕರೆದು ಕೊಟ್ಟರಾ?"

"ಇಲ್ಲ. ರೈತರೆಲ್ಲ ಹೋಗಿ ಕೇಳಿದ್ರು. ಆಮೇಲೆ ಅರ್ಜಿ ಬರೆದಿವಿ."

ಆ ಕಡೆ ಬೀಡಿ ಹಚ್ಚಿದ ಸದ್ದು ಕೇಳಿಸಿತು. "ಆ ಅರ್ಜೀಲಿ ಏನೇನ್ ಬರದ್ರಿ, ಒಂದೊಂದೇ ಹೇಳು," ಅಂದರು.