ಚೀಲ ಬದಲಾಯಿಸುವವನು ನಾನು, ಲೆಕ್ಕ ಇಡಬೇಕಾದವನೂ ನಾನೇ

ನಾನು ಆಪರೇಷನ್ ಥಿಯೇಟರ್ (ಓಟಿ) ಟೆಕ್ನಿಷಿಯನ್. ಮಂಡಿ ಆರ್ಥ್ರೋಸ್ಕೋಪಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಕೊಳವೆ (ಸ್ಕೋಪ್) ಹಾಕಿ ಮಂಡಿಯೊಳಗೆ ಮಾಡುವ ಆಪರೇಷನ್, ಇದ್ದ ದಿನ ನನ್ನದು ಮುಕ್ಕಾಲುಪಾಲು ನೀರಿನ ಕೆಲಸ. ಸ್ಕೋಪ್‌ಗೆ ಒಳಗೆಲ್ಲ ಕಾಣಬೇಕಾದರೆ ಕೀಲು ಉಬ್ಬಬೇಕು, ರಕ್ತ ತೊಳೆದುಹೋಗಬೇಕು. ಅದಕ್ಕೇ 3 ಲೀಟರಿನ ಸಲೈನ್ ಚೀಲಗಳು ಒಂದಾದ ಮೇಲೊಂದು ಖಾಲಿಯಾಗುತ್ತವೆ.

ಕೆಲವು ವರ್ಷಗಳ ಹಿಂದೆ ಕಬಡ್ಡಿ ಆಡುವಾಗ ಮಂಡಿ ತಿರುಚಿಕೊಂಡ ಹುಡುಗನೊಬ್ಬ ಬಂದಿದ್ದ. ಪೆಟ್ಟು ತಗುಲಿ ವಾರವೂ ಆಗಿರಲಿಲ್ಲ. ಅಂಥ ಮಂಡಿಯಲ್ಲಿ ಕೀಲಿನ ಸುತ್ತಲ ಹೊದಿಕೆಯೂ ಹರಿದಿರಬಹುದು, ನೀರು ಅಲ್ಲಿಂದ ಮೀನಖಂಡಕ್ಕೆ ಇಳಿಯಬಹುದು. ಇದೆಲ್ಲ ಆಮೇಲೆ ಕಲಿತದ್ದು ಬಿಡಿ.

ಸ್ಕ್ರೀನ್ ಮಬ್ಬಾಯಿತು. "ಪ್ರೆಶರ್ ಸ್ವಲ್ಪ ಜಾಸ್ತಿ ಮಾಡಪ್ಪ" ಅಂದರು ಸರ್ಜನ್ ಸರ್. ನೀರು ತಳ್ಳುವ ಪಂಪಿನ ಪ್ರೆಶರ್ ಏರಿಸಿದೆ. ತಿಳಿಯಾಯಿತು. ಮತ್ತೆ ಇಳಿಸಬೇಕು ಅಂತ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಎಲ್ಲರ ಕಣ್ಣೂ ಸ್ಕ್ರೀನ್ ಮೇಲೆ.

ಐದನೇ ಚೀಲ ಹಾಕುವಾಗ, ಹೊರಬಂದ ನೀರು ಸೇರುವ ಸಕ್ಷನ್ ಡಬ್ಬ ನೋಡಿದೆ. ಒಳಗೆ ಹೋಗಿದ್ದು 12 ಲೀಟರ್, ಹೊರಗೆ ಬಂದಿದ್ದು 8 ಲೀಟರೂ ಇಲ್ಲ. ನೆಲಕ್ಕೆ ಚೆಲ್ಲಿರಬಹುದು ಅಂದುಕೊಂಡೆ. ನೆಲ ನೋಡಿದರೆ ಅಷ್ಟೇನೂ ಒದ್ದೆಯಿಲ್ಲ. ಆಗ ಬಾಯಿಬಿಟ್ಟೆ. ಸಿಸ್ಟರ್ ಮೀನಖಂಡ ಒತ್ತಿ ನೋಡಿ ಸುಮ್ಮನಾದರು. ಪಂಪ್ ನಿಂತಿತು, ಕಾಲಿನ ಮೇಲೆ ಹೊದಿಸಿದ್ದ ಬಟ್ಟೆ (ಡ್ರೇಪ್) ತೆಗೆದರು. ನಾನೂ ಮುಟ್ಟಿದೆ. ಸೈಕಲ್ ಟೈರಿಗೆ ಗಾಳಿ ತುಂಬಿ ಹೆಬ್ಬೆರಳಲ್ಲಿ ಒತ್ತಿ ನೋಡ್ತೀವಲ್ಲ, ಹಾಗಿತ್ತು.

ಪಾದದ ನಾಡಿ ಸಿಕ್ಕಿತು. ಆದರೂ ಭಯ ಹೋಗಲಿಲ್ಲ. ಸ್ನಾಯುಗಳನ್ನು ಸುತ್ತಿರುವ ಪದರ ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರಿದರೆ ನಾಡಿ ಸಿಗುತ್ತಿರುವಾಗಲೇ ಸ್ನಾಯುವಿಗೆ ರಕ್ತ ಸಾಲದೆ ಹೋಗಬಹುದು, ಆಗ ಪದರ ಕೊಯ್ದು ಬಿಡಿಸಬೇಕು. ಮೊದಲು ಕಾಣುವ ಸೂಚನೆ ನೋವು. ಸೊಂಟದ ಕೆಳಗೆ ಮರಗಟ್ಟಿಸುವ ಸ್ಪೈನಲ್ ಇಂಜೆಕ್ಷನ್ ಕೊಟ್ಟ ಹುಡುಗನಿಗೆ ನೋವೇ ಗೊತ್ತಾಗುವುದಿಲ್ಲ ಅಲ್ವಾ? ಉಳಿದ ಕೆಲಸ ಮುಂದಕ್ಕೆ ಹಾಕಿ, ಮತ್ತೆ ಮತ್ತೆ ಕಾಲು ಮುಟ್ಟಿ ನೋಡುತ್ತಾ ಕಾದೆವು. ಸಂಜೆಗೆ ಮೆತ್ತಗಾಯಿತು. ಹೆಚ್ಚಿನ ಸಲ ಹೀಗೇ ತಾನಾಗಿ ಇಳಿಯುತ್ತದೆ, ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ.

ಪಂಪ್ ಬಿಟ್ಟು ಸ್ಟ್ಯಾಂಡಿಗೆ ತೂಗುಹಾಕಿದರೆ ಅಪಾಯವಿಲ್ಲ ಅನ್ನುವವರೂ ಇದ್ದಾರೆ. ಮಂಡಿಗಿಂತ 1 ಮೀಟರ್ ಮೇಲೆ ಚೀಲ ಇದ್ದರೂ ಸುಮಾರು 75 ಮಿಲಿಮೀಟರ್ ಪಾದರಸದಷ್ಟು ಒತ್ತಡ ಬೀಳುತ್ತದೆ.

ಈಗ ಸ್ಕ್ರೀನ್ ಮಬ್ಬಾದರೆ ಮೊದಲು ನೀರು ಹೊರಹೋಗುವ ಪೈಪ್ ಕಟ್ಟಿದೆಯಾ ನೋಡುತ್ತೇನೆ, ಅನಸ್ತೇಷಿಯಾ ಡಾಕ್ಟರನ್ನು ಬಿಪಿ ಎಷ್ಟಿದೆ ಅಂತ ಕೇಳುತ್ತೇನೆ. ಪ್ರೆಶರ್ ಏರಿಸಿದರೆ ಇಳಿಸುವವರೆಗೂ ನೆನಪಿಸುತ್ತಲೇ ಇರುತ್ತೇನೆ. ಪ್ರತಿ ಚೀಲಕ್ಕೂ ಜೋರಾಗಿ ಲೆಕ್ಕ ಹೇಳಿ, "ಸಿಸ್ಟರ್, ಮೀನಖಂಡ" ಅನ್ನುತ್ತೇನೆ. "ಕಾಲು ಒತ್ತೋ ಕೆಲಸ ನಮಗೆ ಅಂಟಿಸಿಬಿಟ್ಟ" ಅಂತ ಅವರು ಬೈಯುತ್ತಾರೆ. ಬೈಯುತ್ತಲೇ ಒತ್ತುತ್ತಾರೆ.