ಕಿಡ್ನಿಯಲ್ಲಿ ಕಲ್ಲಾದವರು ಹಾಲು, ಮೊಸರು ಬಿಡಬೇಕೇ?

ಮೂತ್ರಪಿಂಡದಲ್ಲಿ ಕಲ್ಲಾಗಿದೆ ಎಂಬ ಸ್ಕ್ಯಾನಿಂಗ್ ವರದಿ ಹಿಡಿದು ಬರುವವರಲ್ಲಿ ಹೆಚ್ಚಿನವರು ನನ್ನನ್ನು ಮೊದಲು ಕೇಳುವುದು ಇದನ್ನೇ: "ಡಾಕ್ಟ್ರೇ, ಕಲ್ಲಾಗೋದು ಕ್ಯಾಲ್ಸಿಯಂನಿಂದ ತಾನೇ? ಹಾಗಾದ್ರೆ ಹಾಲು, ಮೊಸರು ಬಿಟ್ಟುಬಿಡಲಾ?" ಕೆಲವರು ಕೇಳುವ ಮೊದಲೇ ಬಿಟ್ಟಿರುತ್ತಾರೆ. ಬಿಡಬೇಡಿ ಎಂಬುದೇ ನನ್ನ ಉತ್ತರ.

ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಎಂಬ ಅಂಶಗಳು ಎಲ್ಲರ ಮೂತ್ರದಲ್ಲೂ ಕರಗಿಕೊಂಡೇ ಇರುತ್ತವೆ. ನೀರಿನಂಶ ಕಡಿಮೆಯಾಗಿ ಮೂತ್ರ ಗಟ್ಟಿಯಾದಾಗ, ಪಾಕ ಮೀರಿದ ಸಕ್ಕರೆ ತಣಿದು ಹರಳುಗಟ್ಟುವಂತೆ, ಇವೂ ಹರಳಾಗುತ್ತವೆ. ಸಣ್ಣ ಹರಳುಗಳು ಸಾಮಾನ್ಯವಾಗಿ ಮೂತ್ರದೊಂದಿಗೆ ಹರಿದುಹೋಗುತ್ತವೆ. ಮೂತ್ರಪಿಂಡದ ಒಳಭಾಗಕ್ಕೆ ಅಂಟಿ ನಿಂತದ್ದು ಮಾತ್ರ ಪದರ ಪದರವಾಗಿ ಬೆಳೆದು ಕಲ್ಲಾಗುತ್ತದೆ. ನಿಂಬೆ, ಕಿತ್ತಳೆಯಂಥ ಹಣ್ಣುಗಳಿಂದ ಮೂತ್ರದಲ್ಲಿ ಹೆಚ್ಚುವ ಸಿಟ್ರೇಟ್ ಎಂಬ ಅಂಶ ಈ ಹರಳುಗಟ್ಟುವಿಕೆಯನ್ನು ತಡೆಯುತ್ತದೆ.

ಹತ್ತು ಕಲ್ಲುಗಳಲ್ಲಿ ಸುಮಾರು ಎಂಟರಲ್ಲಿ ಕ್ಯಾಲ್ಸಿಯಂ ಇರುವುದು ನಿಜ, ಆದರೆ ಅದು ಹೆಚ್ಚಾಗಿ ಕೂಡಿಕೊಂಡಿರುವುದು ಆಕ್ಸಲೇಟ್ ಜೊತೆಗೆ. ಪಾಲಕ್, ಬೀಟ್‌ರೂಟ್, ಬಾದಾಮಿಯಂಥವುಗಳಿಂದ ಬರುವ ಈ ಆಕ್ಸಲೇಟನ್ನು ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಹಿಡಿದು ಮಲದ ಮೂಲಕ ಹೊರಗೆ ಕಳಿಸುತ್ತದೆ. ಹಾಲು, ಮೊಸರು ಬಿಟ್ಟಾಗ ಹಿಡಿಯುವವರಿಲ್ಲದ ಆಕ್ಸಲೇಟ್ ರಕ್ತ ಸೇರಿ ಮೂತ್ರಪಿಂಡಕ್ಕೆ ಬರುತ್ತದೆ. ಇಟಲಿಯಲ್ಲಿ ಪದೇ ಪದೇ ಕಲ್ಲಾಗುತ್ತಿದ್ದ 120 ಗಂಡಸರನ್ನು ಐದು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಮಂದಿಗೆ ಮತ್ತೆ ಕಲ್ಲಾಯಿತು; ಕ್ಯಾಲ್ಸಿಯಂ ಎಂದಿನಂತಿಟ್ಟು ಉಪ್ಪು, ಮಾಂಸ ಕಡಿಮೆ ಮಾಡಿದ 60 ಜನರಲ್ಲಿ 12 ಮಂದಿಗೆ ಮಾತ್ರ. ಉಪ್ಪು ಹೆಚ್ಚಿದಷ್ಟೂ ಮೂತ್ರಕ್ಕೆ ಇಳಿಯುವ ಕ್ಯಾಲ್ಸಿಯಂ ಹೆಚ್ಚುತ್ತದೆ, ಆದ್ದರಿಂದ ಕೈಬಿಡಬೇಕಾದದ್ದು ಮೊಸರನ್ನಲ್ಲ, ಅದರ ಪಕ್ಕದ ಉಪ್ಪಿನಕಾಯಿ, ಹಪ್ಪಳವನ್ನು.

ಅಪಾಯ ಯಾರಿಗೆ ಹೆಚ್ಚು ಎಂದರೆ, ಮನೆಯಲ್ಲಿ ಹಿರಿಯರಿಗೋ ಒಡಹುಟ್ಟಿದವರಿಗೋ ಕಲ್ಲಾಗಿದ್ದವರಿಗೆ, ಬೊಜ್ಜು, ಸಕ್ಕರೆ ಕಾಯಿಲೆ, ಗೌಟ್ (ಯೂರಿಕ್ ಆಮ್ಲ ಹೆಚ್ಚಿ ಬರುವ ಕೀಲುನೋವು) ಇರುವವರಿಗೆ, ಕರುಳಿನ ದೀರ್ಘಕಾಲದ ಕಾಯಿಲೆಯವರಿಗೆ. ಹೆಂಗಸರಿಗಿಂತ ಗಂಡಸರಲ್ಲಿ ಇದು ಹೆಚ್ಚು. ಆದರೆ ನನ್ನನ್ನು ಹೆಚ್ಚು ಕಾಡುವವರು ಬೇರೆ. ರಾಯಚೂರು, ಕಲಬುರಗಿಯ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವಾಗ ಹೊಲದಲ್ಲಿ, ಗಾರೆ ಕೆಲಸದಲ್ಲಿ ಬೆವರು ಹರಿಸುವವರು ಕುಡಿದ ನೀರೆಲ್ಲ ಚರ್ಮದಿಂದಲೇ ಹೋಗಿ ಮೂತ್ರಕ್ಕೆ ಉಳಿಯುವುದು ಕಡಿಮೆ. ಕೆಲಸದ ಜಾಗದಲ್ಲಿ ಶೌಚಾಲಯವಿಲ್ಲವೆಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಬೇಕೆಂದೇ ನೀರು ಕುಡಿಯದ ಹೆಣ್ಣುಮಕ್ಕಳಿಗೆ "ನೀರು ಕುಡಿಯಿರಿ" ಎಂದು ಚೀಟಿ ಬರೆದುಕೊಟ್ಟರೆ ಸಾಲದು. ಅವರಿಗೆ ಮೊದಲು ಬೇಕಿರುವುದು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಶೌಚಾಲಯ.

ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಬರುವಷ್ಟು ನೀರು ಕುಡಿಯಬೇಕು, ಮೂತ್ರ ತಿಳಿಯಾಗಿರಬೇಕು. ಹೃದಯ ಅಥವಾ ಮೂತ್ರಪಿಂಡದ ವೈಫಲ್ಯಕ್ಕೆ ನೀರಿನ ಮಿತಿ ಹಾಕಿಸಿಕೊಂಡವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು. ನೋವಿನ ಜೊತೆ ಚಳಿಜ್ವರ ಬಂದರೆ, ಅಥವಾ ಮೂತ್ರವೇ ನಿಂತರೆ, ಬಾಳೆದಿಂಡಿನ ರಸ ಕುಡಿಯುತ್ತಾ ಕಾಯದೆ ತಕ್ಷಣ ಆಸ್ಪತ್ರೆಗೆ ಬನ್ನಿ.