ಏಪ್ರಿಲ್‌ಗೆ ರಾಟರ್‌ಡ್ಯಾಮ್
ಬೆಳಿಗ್ಗೆ ಕಬ್ಬನ್ ಪಾರ್ಕಲ್ಲಿ ಓಡಿ ಸುಸ್ತಾಗಿ ಕೂತಿದ್ದಾಗ ಗೆಳೆಯ ಕೇಳಿದ, "ಏಪ್ರಿಲ್‌ಗೆ ಮ್ಯಾರಥಾನ್ ಎಲ್ಲಿ? ಬಾಸ್ಟನ್ನಾ?"

ಬಾಸ್ಟನ್ ವೇಗದ ದಾರಿ, ಒಪ್ಪುತ್ತೇನೆ. 2011ರಲ್ಲಿ ಕೀನ್ಯಾದ ಜೆಫ್ರಿ ಮುಟಾಯ್ ಅಲ್ಲಿ 2 ಗಂಟೆ 3 ನಿಮಿಷ 2 ಸೆಕೆಂಡಿಗೆ (2:03:02) ಮುಗಿಸಿದರು. ಆದರೆ ದಾರಿ ತುಂಬಾ ಇಳಿಜಾರು ಅಂತ ಅದು ವಿಶ್ವದಾಖಲೆ ಆಗಲಿಲ್ಲ. ಆ ಇಳಿಜಾರೇ ತೊಡೆಯನ್ನು ಹಿಂಡಿಬಿಡುತ್ತದೆ. ಕಾಲು ಸೋತ ಹೊತ್ತಿಗೆ, ಸುಮಾರು 32ನೇ ಕಿಲೋಮೀಟರಿನಲ್ಲಿ, ಹಾರ್ಟ್‌ಬ್ರೇಕ್ ಹಿಲ್ ಅನ್ನೋ ಏರು!

ನನ್ನ ಮನಸ್ಸು ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಮೇಲೆ. ಊರೇ ಸಮತಟ್ಟು. 1988ರಲ್ಲಿ ಇಥಿಯೋಪಿಯಾದ ಬೆಲಾಯ್ನೆ ಡಿನ್ಸಾಮೊ ಅಲ್ಲಿ ಓಡಿದ 2:06:50ರ ವಿಶ್ವದಾಖಲೆ ಹತ್ತು ವರ್ಷ ಯಾರ ಕೈಗೂ ಸಿಗಲಿಲ್ಲ. 1998ರಲ್ಲಿ ಕೀನ್ಯಾದ ಟೆಗ್ಲಾ ಲೊರೂಪೆ ಮಹಿಳೆಯರ ವಿಶ್ವದಾಖಲೆ ಮಾಡಿದ್ದೂ ಅಲ್ಲೇ.

ಏರು ಅಂದರೆ ಮುಖ್ಯವಾಗಿ ಎರಾಸ್ಮಸ್ ಸೇತುವೆ. ಬಿಳಿ ಕಂಬ, ಅದರಿಂದ ಇಳಿದ ಉಕ್ಕಿನ ಹಗ್ಗಗಳು, ಕೆಳಗೆ ಅಗಲವಾದ ನದಿ. ಶುರುವಲ್ಲೇ ಒಮ್ಮೆ ದಾಟಬೇಕು, ಅರ್ಧ ದೂರ ಕಳೆದ ಮೇಲೆ ವಾಪಸ್ ಬರುವಾಗ ಇನ್ನೊಮ್ಮೆ. ಆ ಎರಡನೇ ಸಲ ಎದುರು ಗಾಳಿ ಬಂದರೆ? ಆಗ ಒಬ್ಬರೇ ಸಿಕ್ಕಿಹಾಕಿಕೊಳ್ಳಬಾರದು, ಗುಂಪಿನ ಹಿಂದೆ ನುಗ್ಗಬೇಕು.

ಒಳ್ಳೆಯ ಟೈಮಿಂಗ್‌ಗೆ ದಾರಿಗಿಂತ ಆ ದಿನದ ಹವೆಯೇ ಜಾಸ್ತಿ ಮುಖ್ಯ ಅನ್ನಿಸುತ್ತದೆ, ಅಲ್ವಾ? ಅದನ್ನು ಮಾತ್ರ ಆರಿಸಿಕೊಳ್ಳೋಕೆ ಆಗಲ್ಲ.

ಅಲ್ಲಿ ಓಡಿದವರು ಯಾರಾದರೂ ಇದ್ದರೆ ಹೇಳಿ, ಸೇತುವೆ ಮೇಲೆ ಗಾಳಿ ಹೇಗಿತ್ತು?